ಹಗುರವಾದ ಹೊರೆ

ಹೊರೆ ಎಂಬ ಮಾತನ್ನು ಕೇಳಿದೊಡನೆ ನಮ್ಮ ಮನಸ್ಸಿಗೆ ಬರುವುದು ಭಾರ. ಸೌದೆಯ ಹೊರೆ, ಸಾಲದ ಹೊರೆ, ಸಂಸಾರದ ಹೊರೆ – ಎಲ್ಲವೂ ಬೆನ್ನನ್ನು ಬಾಗಿಸುವಂಥವೇ. ಭಾರವಾದುದನ್ನು ಸಾಗಿಸುವುದು ಕಷ್ಟ, ಹಗುರವಾದುದನ್ನು ಸಾಗಿಸುವುದು ಸುಲಭ ಎಂದು ಲೋಕವೆಲ್ಲ ಹೇಳುತ್ತದೆ. ಆದರೆ ಹೊರೆ ಕಟ್ಟಿ ಬಲ್ಲವರನ್ನು ಕೇಳಿದರೆ ಅವರು ಬೇರೆಯೇ ಮಾತನ್ನು ಹೇಳುತ್ತಾರೆ. ಎತ್ತಿನ ಗಾಡಿಗಳ ಕಾಲದಲ್ಲಿ ಕಲ್ಲುಚಪ್ಪಡಿ ಹೇರಿದವನು ದಾರಿಯಲ್ಲಿ ಒಂದಿಷ್ಟು ತೂಕಡಿಸಿದರೂ ನಡೆಯುತ್ತಿತ್ತು. ಹುಲ್ಲು ಹೇರಿದವನು ಮಾತ್ರ ತಿರುತಿರುಗಿ ನೋಡುತ್ತಲೇ ಸಾಗಬೇಕಾಗಿತ್ತು. ಕಲ್ಲು ತನ್ನ ಭಾರದಿಂದಲೇ ಕುಳಿತಿರುತ್ತದೆ. ಹುಲ್ಲನ್ನು ನಾವು ಕೂರಿಸಬೇಕು. ಅದಕ್ಕಾಗಿಯೇ ನಮ್ಮ ರೈತರು ಹುಲ್ಲಿನ ಮೇಲೆ ಉದ್ದಕ್ಕೆ ಒಂದು ಗಳು ಇಟ್ಟು, ಹಿಂದೆ ಮುಂದೆ ಹಗ್ಗ ಬಿಗಿದು, ಗಂಟನ್ನು ಎರಡು ಸಲ ಎಳೆದು ನೋಡುತ್ತಿದ್ದರು. ಹಗುರವಾದ ಹೊರೆಗೆ ಬೇಕಾದದ್ದು ತೋಳಿನ ಬಲಕ್ಕಿಂತ ಹೆಚ್ಚಾಗಿ ಎಚ್ಚರ.

ನಾನು ತುಂಗಭದ್ರೆಯ ದಡದವನು. ನಮ್ಮ ಬಾಲ್ಯದಲ್ಲಿ ಹೊಳೆ ದಾಟಲು ಹರಿಗೋಲೇ ಗತಿ. ಸೀಳಿದ ಬಿದಿರಿನಿಂದ ಹೆಣೆದ ಆ ದುಂಡನೆಯ ದೋಣಿಗೆ ಹಿಂದೆ ಚರ್ಮವನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಡಾಂಬರು ಬಳಿಯುತ್ತಾರೆ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿರುವ ಈ ದೋಣಿಗಳಲ್ಲಿ ಜನರಷ್ಟೇ ಅಲ್ಲ, ಕುದುರೆಗಳೂ ಎತ್ತುಗಳೂ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಹರಿಗೋಲು ಜನರನ್ನು ಹೊಳೆ ದಾಟಿಸುವುದನ್ನು ನೀವು ಹಂಪೆಯಲ್ಲಿ ಕಂಡಿರಬಹುದು. ಆದರೆ ಅಂಬಿಗನು ಹರಿಗೋಲನ್ನು ಹೊತ್ತು ನಡೆಯುವುದನ್ನು ಎಷ್ಟು ಜನ ಕಂಡಿದ್ದೀರಿ? ದಡ ಸೇರಿದ ಮೇಲೆ ಅವನು ಚಿಕ್ಕ ಹರಿಗೋಲನ್ನು ಬೋರಲು ಹಾಕಿ ಬೆನ್ನಿನ ಮೇಲೇರಿಸಿಕೊಂಡು ಹೊರಟುಬಿಡುತ್ತಾನೆ. ದೂರದಿಂದ ನೋಡಿದರೆ ದೊಡ್ಡದೊಂದು ಆಮೆ ಎರಡು ಕಾಲಿನ ಮೇಲೆ ನಡೆದು ಹೋಗುತ್ತಿರುವಂತೆ ತೋರುತ್ತದೆ.

ಆಷಾಢದ ಗಾಳಿ ಬೀಸುವಾಗ ಮಾತ್ರ ಅಂಬಿಗನು ಒಬ್ಬನೇ ಹೊರುತ್ತಿರಲಿಲ್ಲ. ಅಂಚನ್ನು ಹಿಡಿದುಕೊಳ್ಳಲು ಇನ್ನೊಬ್ಬನನ್ನು ಕರೆಯುತ್ತಿದ್ದನು. "ಇಷ್ಟು ಹಗುರವಾದುದಕ್ಕೆ ಇಬ್ಬರೇಕೆ, ಕಾಕಾ?" ಎಂದು ಹುಡುಗನಾದ ನಾನು ಕೇಳಿದ್ದುಂಟು. "ನೀರಾಗ ಇದಕ್ಕ ನಾನು ಧಣಿ, ತಮ್ಮಾ. ದಂಡೀ ಮ್ಯಾಲೆ ಗಾಳಿ ಧಣಿ" ಎಂದು ಅವನು ನಕ್ಕಿದ್ದನು. ಆ ಮಾತಿನ ಪೂರ್ಣಾರ್ಥ ನನಗೆ ಹೊಳೆದದ್ದು ಐವತ್ತು ವರ್ಷಗಳ ಮೇಲೆ, ಭೂಗೋಳದ ಇನ್ನೊಂದು ಮಗ್ಗುಲಲ್ಲಿ.

ನನ್ನ ಮಗಳು ಅಳಿಯಂದಿರು ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿದ್ದಾರೆ. ನಿವೃತ್ತಿಯ ನಂತರ ಒಂದು ಬೇಸಗೆಯನ್ನು ನಾನು ಅವರೊಡನೆ ಕಳೆದೆನು. ಹತ್ತು ಸಾವಿರ ಸರೋವರಗಳ ನಾಡು ಎಂದು ಅಲ್ಲಿನ ವಾಹನಗಳ ಸಂಖ್ಯಾಫಲಕದ ಮೇಲೆಯೇ ಬರೆದಿರುತ್ತಾರೆ. ಇದು ಹೊಗಳಿಕೆಯ ಮಾತೇನೂ ಅಲ್ಲ. 10 ಎಕರೆಗಿಂತ ದೊಡ್ಡವನ್ನಷ್ಟೇ ಎಣಿಸಿದರೂ ಅಲ್ಲಿ 11,842 ಸರೋವರಗಳಿವೆ. ಮಹಾನದಿಯಾದ ಮಿಸ್ಸಿಸ್ಸಿಪ್ಪಿ ಹುಟ್ಟುವುದೂ ಅಲ್ಲಿಯ ಇಟಾಸ್ಕ ಎಂಬ ಸರೋವರದಲ್ಲಿ. ಚಳಿಗಾಲವೆಲ್ಲ ಹೆಪ್ಪುಗಟ್ಟಿದ್ದ ನೀರು ಕರಗಿತೆಂದರೆ ಅಲ್ಲಿನ ಜನಕ್ಕೆ ಮನೆಯಲ್ಲಿ ಕಾಲು ನಿಲ್ಲದು. ಶನಿವಾರ ಬೆಳಗಾದರೆ ರಸ್ತೆಯಲ್ಲಿ ಹೋಗುವ ಕಾರುಗಳನೇಕವು ತಲೆಯ ಮೇಲೆ ಒಂದೊಂದು ದೋಣಿಯನ್ನು ಬೋರಲು ಹೊತ್ತಿರುತ್ತವೆ. ಅದನ್ನು ಕಂಡಾಗ ನನಗೆ ನಮ್ಮ ಅಂಬಿಗನ ಆಮೆಯೇ ಚಕ್ರ ಕಟ್ಟಿಕೊಂಡು ಹೊರಟಂತೆ ಭಾಸವಾಯಿತು.

ದೋಣಿಯನ್ನು ಬೋರಲು ಹೊರುವ ಪದ್ಧತಿ ಆ ನೆಲಕ್ಕೆ ಹೊಸದಲ್ಲ. ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರು ಭೂರ್ಜ ವೃಕ್ಷದ ತೊಗಟೆಯಿಂದ ದೋಣಿ ಕಟ್ಟಿ, ಒಂದು ಸರೋವರದಿಂದ ಇನ್ನೊಂದಕ್ಕೆ ಕಾಡುದಾರಿಯಲ್ಲಿ ಅದನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದರು. ಮುಂದೆ ಮರದ ಚೌಕಟ್ಟಿಗೆ ದಪ್ಪ ಬಟ್ಟೆ ಹೊದಿಸಿದ ದೋಣಿಗಳು ಬಂದವು. 1944ರಲ್ಲಿ ಗ್ರಮ್ಮನ್ ಎಂಬ ವಿಮಾನ ತಯಾರಿಕೆಯ ಸಂಸ್ಥೆಯ ಅಧಿಕಾರಿ ವಿಲಿಯಂ ಹಾಫ್‌ಮನ್ ಎಂಬವರು ಅಂಥದೊಂದು ಭಾರದ ದೋಣಿಯನ್ನು ಬೆಟ್ಟದ ಸೀಮೆಯಲ್ಲಿ ಹೊತ್ತು ಬಳಲಿ, ವಿಮಾನಕ್ಕೆ ಬಳಸುವ ಅಲ್ಯುಮಿನಿಯಂ ತಗಡಿನಿಂದಲೇ ದೋಣಿಯನ್ನೇಕೆ ಮಾಡಬಾರದು ಎಂದು ಯೋಚಿಸಿದರಂತೆ. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿಯೇ ಅಂಥ ದೋಣಿಗಳು ತಯಾರಾಗತೊಡಗಿದವು. ನೀರಿಗಿಂತ ಕಬ್ಬಿಣ ಸುಮಾರು 7.8 ಪಟ್ಟು ಭಾರ, ಅಲ್ಯುಮಿನಿಯಂ 2.7 ಪಟ್ಟು ಮಾತ್ರ. ಅದಕ್ಕೆ ತುಕ್ಕಿನ ಭಯವಿಲ್ಲ, ಗೆದ್ದಲಿನ ಭಯವಂತೂ ಮೊದಲೇ ಇಲ್ಲ. ಆದರೆ ವಿಮಾನದ ಮನೆತನದಲ್ಲಿ ಹುಟ್ಟಿದ ಈ ತಗಡಿಗೆ ತನ್ನ ಕುಲಧರ್ಮ ಪೂರ್ತಿ ಮರೆತಿಲ್ಲ. ಕಾರಿನ ಮೇಲೆ ಕೂರಿಸಿ ವೇಗವಾಗಿ ಓಡಿಸಿದರೆ ಅದಕ್ಕೆ ಹಾರುವ ಆಸೆ ಮರಳಿ ಬರುತ್ತದೆ!

ನನ್ನ ಅಳಿಯನ ನೆರೆಮನೆಯಲ್ಲಿ ಮರಗೆಲಸದಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಅವರದು 12 ಅಡಿ ಉದ್ದದ, ಸುಮಾರು 50 ಕಿಲೋ ತೂಕದ ಅಲ್ಯುಮಿನಿಯಂ ದೋಣಿ. ಒಂದು ಶನಿವಾರ ನಾವೆಲ್ಲರೂ ಕೂಡಿ ಸರೋವರಕ್ಕೆ ಹೋಗುವುದೆಂದು ಗೊತ್ತಾಯಿತು. ದೋಣಿ ಅವರದು, ಕಾರು ನಮ್ಮದು. ಆ ಮುದುಕರು ಹಗ್ಗವನ್ನು ಮುಟ್ಟುವ ಮೊದಲು ಕೇಳಿದ್ದು ಕಾರಿನ ಕೈಪಿಡಿಯನ್ನು. ಯಾವ ಕಾರಿನ ಮಾಡು ಎಷ್ಟು ತೂಕವನ್ನು ತಾಳೀತು ಎಂಬುದನ್ನು ತಯಾರಕರು ಅದರಲ್ಲಿ ಬರೆದಿರುತ್ತಾರೆ. ನಮ್ಮದಕ್ಕೆ 75 ಕಿಲೋ ಎಂದಿತ್ತು. ಅದರಲ್ಲಿ ಮಾಡಿನ ಮೇಲೆ ಕೂರಿಸುವ ಅಡ್ಡಕಂಬಿಗಳ ತೂಕವನ್ನೂ ಕಳೆದು, ದೋಣಿಗೆ ಎಡೆಯುಂಟೆಂದು ಖಚಿತವಾದ ಮೇಲೆಯೇ ಅವರು ಎದ್ದರು. ಮೇಷ್ಟರ ಕೆಲಸದಲ್ಲಿ ಮೂವತ್ತು ವರ್ಷ ಕಳೆದ ನನಗೆ, ಕೆಲಸಕ್ಕೆ ಮೊದಲು ಪುಸ್ತಕ ತೆರೆದವರನ್ನು ಕಂಡು ಗೌರವವುಂಟಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಮಾಡಿನ ತೆಳುವಾದ ತಗಡಿನ ಮೇಲೆ ದೋಣಿಯನ್ನು ನೇರವಾಗಿ ಇಡಬಾರದು. ಅಡ್ಡವಾಗಿ ಎರಡು ಗಟ್ಟಿ ಕಂಬಿಗಳನ್ನು, ಒಂದಕ್ಕೊಂದು ಸಾಧ್ಯವಾದಷ್ಟು ದೂರದಲ್ಲಿ ಕೂರಿಸಬೇಕು. ಲೋಹದ ಮೇಲೆ ಲೋಹ ಜಾರುವುದರಿಂದ ಕಂಬಿಗಳಿಗೆ ರಬ್ಬರು ಸುತ್ತಬೇಕು. ಹುಟ್ಟು, ಕೊಕ್ಕೆ, ಗಾಳದ ಕೋಲುಗಳನ್ನೆಲ್ಲ ದೋಣಿಯಿಂದ ತೆಗೆದು ಕಾರಿನ ಒಳಗಿಡಬೇಕು. ಆಮೇಲೆ ಇಬ್ಬರು ಸೇರಿ, ಬೆನ್ನು ಬಗ್ಗಿಸದೆ ಮೊಣಕಾಲು ಮಡಿಸಿ, ದೋಣಿಯ ಮೂತಿಯನ್ನು ಮೊದಲು ಹಿಂದಿನ ಕಂಬಿಯ ಮೇಲಿಟ್ಟು, ಅನಂತರ ಹಿಂಬದಿಯನ್ನು ಎತ್ತಿ ಮುಂದಕ್ಕೆ ಸರಿಸಬೇಕು. ದೋಣಿ ಬೋರಲಾಗಿರಬೇಕು, ಚೂಪಾದ ಮೂತಿ ಮುಂದಿರಬೇಕು. ಅಂಗಾತ ಇಟ್ಟರೆ ಅದು ಗಾಳಿಯನ್ನೂ ಮಳೆಯ ನೀರನ್ನೂ ತುಂಬಿಕೊಳ್ಳುವ ಬೋಗುಣಿಯಾಗುತ್ತದೆ.

ಇನ್ನು ಕಟ್ಟುವ ಕೆಲಸ. ಅಗಲವಾದ ಎರಡು ಪಟ್ಟಿಗಳು ದೋಣಿಯ ಹೊಟ್ಟೆಯ ಮೇಲೆ ಹಾದು, ಅಡ್ಡಕಂಬಿಗಳ ಕೆಳಗೆ ಸುತ್ತಿಕೊಂಡು ಬಂದು ಬಿಗಿಯಬೇಕು. ರಬ್ಬರಿನಂತೆ ಹಿಗ್ಗುವ ಹಗ್ಗ ಇಲ್ಲಿ ಸಲ್ಲದು. ಗಾಳಿ ಎಳೆದಂತೆಲ್ಲ ಅದು ಗಾಳಿಗೆ ಅನುಕೂಲ ಮಾಡಿಕೊಡುತ್ತದೆ. ಹಾಗೆಂದು ಬಲವೆಲ್ಲ ಸುರಿದು ಎಳೆದರೆ ತೆಳುವಾದ ತಗಡು ತಗ್ಗಾಗುತ್ತದೆ. ಅಳಿಯನು ಉತ್ಸಾಹದಿಂದ ಪಟ್ಟಿಯನ್ನು ಜಗ್ಗಿದಾಗ ಮುದುಕರು ಅವನ ಕೈ ಹಿಡಿದು, "ಸಾಕು. ಅಲುಗಬಾರದು, ಅಷ್ಟೇ. ಅದಕ್ಕೆ ನೋವಾಗಬೇಕಾಗಿಲ್ಲ" ಎಂದರು. ಆಮೇಲೆ ದೋಣಿಯ ಮೂತಿಯಿಂದ ಎರಡು ಹಗ್ಗಗಳನ್ನು ಇಳಿಸಿ, ಕಾರಿನ ಮುಂಭಾಗದ ಅಡಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಕಟ್ಟಿದರು. ಹಿಂಬದಿಗೂ ಹಾಗೆಯೇ ಮಾಡಿದರು.

"ಪಟ್ಟಿಗಳು ಇರುವಾಗ ಈ ಹಗ್ಗಗಳೇಕೆ?" ಎಂಬ ಪ್ರಶ್ನೆ ನಿಮ್ಮಲ್ಲಿ ಕೆಲವರಿಗೆ ಹುಟ್ಟಿರಬಹುದು. ಅದಕ್ಕೆ ಉತ್ತರ ನಿಮ್ಮ ವಿಜ್ಞಾನದ ಪುಸ್ತಕದಲ್ಲಿಯೇ ಇದೆ. ಚಲಿಸುತ್ತಿರುವ ವಸ್ತು ಚಲಿಸುತ್ತಲೇ ಇರಬಯಸುತ್ತದೆ ಎಂಬುದು ನ್ಯೂಟನ್ನನ ಮೊದಲ ನಿಯಮ. ಬ್ರೇಕು ಒತ್ತಿದಾಗ ನಿಲ್ಲುವುದು ಕಾರು, ದೋಣಿಗೆ ಬ್ರೇಕಿಲ್ಲ. ಅದು ತನ್ನ ಪಾಡಿಗೆ ಮುಂದಕ್ಕೆ ನುಗ್ಗಲು ನೋಡುತ್ತದೆ. ಆಗ ಹಿಂಬದಿಯ ಹಗ್ಗಗಳು ಅದನ್ನು ಹಿಡಿದು ನಿಲ್ಲಿಸುತ್ತವೆ. ವೇಗವಾಗಿ ಹೋಗುವಾಗ ಮೂತಿಯ ಅಡಿಗೆ ನುಗ್ಗುವ ಗಾಳಿ ದೋಣಿಯನ್ನು ಮೇಲಕ್ಕೆ ಎತ್ತಲು ಹವಣಿಸುತ್ತದೆ. ಅದನ್ನು ತಡೆಯುವುದು ಮುಂದಿನ ಹಗ್ಗಗಳ ಕೆಲಸ. ಗಾಳಿಯ ಬಲವಾದರೂ ವೇಗದೊಡನೆ ನೇರವಾಗಿ ಬೆಳೆಯುವುದಿಲ್ಲ, ವೇಗದ ವರ್ಗದೊಡನೆ ಬೆಳೆಯುತ್ತದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಎದುರುಗಾಳಿಯ ಒತ್ತಡ ಪ್ರತಿ ಚದರ ಮೀಟರಿಗೆ ಸುಮಾರು 12 ಕಿಲೋ ತೂಕದಷ್ಟು. 100 ಕಿಲೋಮೀಟರು ವೇಗದಲ್ಲಿ ಸುಮಾರು 47 ಕಿಲೋ. ದೋಣಿಯ ತೂಕವೇ 50 ಕಿಲೋ ಎಂಬುದನ್ನು ನೆನೆದರೆ, ತೂಕವನ್ನು ನಂಬಿ ಕೂರುವಂತಿಲ್ಲವೆಂಬುದು ತಾನಾಗಿಯೇ ತಿಳಿಯುತ್ತದೆ. ನಮ್ಮ ಅಂಬಿಗನು ಗಣಿತ ಕಲಿತವನಲ್ಲ. ಆದರೆ ಗಾಳಿಯನ್ನು ಧಣಿ ಎಂದು ಕರೆದಾಗ ಅವನು ಹೇಳಿದ್ದು ಇದನ್ನೇ.

ಎಲ್ಲವನ್ನೂ ಕಟ್ಟಿಯಾದ ಮೇಲೆ ಮುದುಕರು ದೋಣಿಯನ್ನು ಹಿಡಿದು ಎಡಬಲಕ್ಕೆ ಅಲುಗಿಸಿದರು. ದೋಣಿಯೊಡನೆ ಇಡೀ ಕಾರು ತೂಗಾಡಿತು. "ಈಗ ಇವೆರಡೂ ಒಂದಾದುವು" ಎಂದು ಹೇಳಿ ಅವರು ಮುಂದಿನ ಆಸನದಲ್ಲಿ ಕುಳಿತರು. ಹಿಂದೆ ನಾನು, ಮಗಳು ಮತ್ತು ಒಂಬತ್ತು ವರ್ಷದ ಮೊಮ್ಮಗ. ಪಟ್ಟಿಗಳನ್ನು ಒಂದೊಂದು ಸುತ್ತು ತಿರುಚಿ ಕಟ್ಟಿದ್ದರಿಂದ ಅವು ಗಾಳಿಗೆ ತಂಬೂರಿಯಂತೆ ಮಿಡಿಯಲಿಲ್ಲ. ಎದುರಿನ ಗಾಜಿನಾಚೆ ಮೂತಿಯ ಹಗ್ಗಗಳೆರಡೂ ಕಾಣುತ್ತಿದ್ದವು. ಅವು ನೆಟ್ಟಗಿರುವವರೆಗೆ ಮುಂಭಾಗ ಭದ್ರ ಎಂದು ತಿಳಿಯಬಹುದಾಗಿತ್ತು.

ಹತ್ತು ಕಿಲೋಮೀಟರು ಹೋಗಿರಬಹುದು. ಮುದುಕರು ಕೈ ತೋರಿದರು; ಅಳಿಯನು ರಸ್ತೆಯ ಪಕ್ಕದ ವಿಶಾಲವಾದ ತಂಗುದಾಣದಲ್ಲಿ ಕಾರನ್ನು ನಿಲ್ಲಿಸಿದನು. ಇಬ್ಬರೂ ಇಳಿದು ಒಂದೊಂದೇ ಕಟ್ಟನ್ನು ಮುಟ್ಟಿ ನೋಡತೊಡಗಿದರು. ಸರೋವರವನ್ನು ಕಾಣುವ ಆತುರದಲ್ಲಿದ್ದ ಮೊಮ್ಮಗನಿಗೆ ಇದು ಹಿಡಿಸಲಿಲ್ಲ.

"ಅಜ್ಜ, ದೋಣಿ ಬಿದ್ದಿಲ್ಲವಲ್ಲ! ಮತ್ತೇಕೆ ನಿಂತೆವು?" ಎಂದನು.

ನಾನು ಉತ್ತರ ಕೊಡುವ ಮೊದಲೇ ಅಳಿಯನು, "ಇಲ್ಲಿ ಬಾ" ಎಂದು ಅವನನ್ನು ಕರೆದು ಹಿಂದಿನ ಪಟ್ಟಿಯನ್ನು ತೋರಿಸಿದನು. ಅದು ಎರಡು ಬೆರಳು ತೂರುವಷ್ಟು ಸಡಿಲವಾಗಿತ್ತು. ಯಾರೂ ಅದನ್ನು ಸಡಿಲವಾಗಿ ಕಟ್ಟಿರಲಿಲ್ಲ. ಓಟದ ಕುಲುಕಿನಲ್ಲಿ ದೋಣಿ ರಬ್ಬರಿನ ಮೇಲೆ ಕೊಂಚ ತಗ್ಗಿ ಕುಳಿತಿತ್ತು, ಪಟ್ಟಿ ಕೊಂಚ ಹಿಗ್ಗಿತ್ತು. ಎರಡು ಕೊಂಚಗಳು ಸೇರಿ ಎರಡು ಬೆರಳಾಗಿದ್ದವು. ನೈಲಾನ್ ಹಗ್ಗವಾದರೆ ನೆನೆದಾಗ ಇನ್ನಷ್ಟು ಹಿಗ್ಗುತ್ತದೆ. ನಮ್ಮ ಕಡೆಯ ಪುಂಡಿನಾರಿನ ಹಗ್ಗ ನೆನೆದಾಗ ಕುಗ್ಗುತ್ತದೆ. ಹಗ್ಗಕ್ಕೂ ಒಂದೊಂದು ಸ್ವಭಾವವುಂಟು. ಕಟ್ಟುವವನು ಅದನ್ನು ಅರಿತಿರಬೇಕು.

ಅಳಿಯನು ಪಟ್ಟಿಯನ್ನು ಬಿಗಿಯುತ್ತಿದ್ದಾಗ ಹೆದ್ದಾರಿಯಲ್ಲಿ ನಮ್ಮ ಹಿಂದೆ ಬರುತ್ತಿದ್ದ ಕಾರೊಂದು ನಮ್ಮನ್ನು ದಾಟಿ ಹೋಯಿತು. ಅದರ ಕಿಟಕಿಯಿಂದ ಪುಟ್ಟ ಹುಡುಗಿಯೊಬ್ಬಳು ನಮ್ಮ ದೋಣಿಯನ್ನು ಕಂಡು ಕೈ ಬೀಸಿದಳು. ಮೊಮ್ಮಗನೂ ಕೈ ಬೀಸಿದನು. ಮುದುಕರು ಅವನನ್ನು ನೋಡಿ, "ನಾವು ನಿಂತದ್ದು ಅವಳಿಗಾಗಿ" ಎಂದರು. ಹುಡುಗ ಮತ್ತೆ ಪ್ರಶ್ನೆ ಕೇಳಲಿಲ್ಲ. ಮುಂದಿನ ದಾರಿಯುದ್ದಕ್ಕೂ ಅವನು ಹಿಂದಿನ ಗಾಜಿನತ್ತ ತಿರುಗಿ, ನಮ್ಮ ಹಿಂದೆ ಯಾರು ಯಾರು ಬರುತ್ತಿದ್ದಾರೆಂದು ನೋಡುತ್ತ ಕುಳಿತಿದ್ದನು.

ಮುದುಕರ ಮಾತು ಅತಿ ಎಚ್ಚರದವರ ಮಾತೆಂದು ಯಾರೂ ತಿಳಿಯಬಾರದು. 2004ರಲ್ಲಿ ಅದೇ ದೇಶದ ವಾಷಿಂಗ್ಟನ್ ರಾಜ್ಯದಲ್ಲಿ, ಮುಂದೆ ಹೋಗುತ್ತಿದ್ದ ವಾಹನದಿಂದ ಜಾರಿದ ಹಲಗೆಯೊಂದು ಗಾಜನ್ನು ಒಡೆದು ಒಳನುಗ್ಗಿ, ಹಿಂದೆ ಬರುತ್ತಿದ್ದ ತರುಣಿಯೊಬ್ಬಳ ಕಣ್ಣಿನ ಬೆಳಕನ್ನೇ ಕಿತ್ತುಕೊಂಡಿತು. ಸರಿಯಾಗಿ ಕಟ್ಟದ ಹೊರೆಯಿಂದ ಗಾಯವಾದರೆ ಅದನ್ನು ಗುರುತರ ಅಪರಾಧವೆಂದು ಎಣಿಸುವ ಕಾನೂನು ಅಲ್ಲಿ ಆಗ ಇರಲಿಲ್ಲ. ಆಕೆಯ ತಾಯಿ ಸುಮ್ಮನೆ ಕೂರಲಿಲ್ಲ. ಆಕೆಯ ಹೋರಾಟದ ಫಲವಾಗಿ 2005ರಲ್ಲಿ ಆ ರಾಜ್ಯ ಅಂಥ ಕಾನೂನನ್ನು ಮಾಡಿತು. 2016ರಲ್ಲಿ ಅಮೆರಿಕದ ವಾಹನ ಸಂಘದ ಸುರಕ್ಷತಾ ಪ್ರತಿಷ್ಠಾನವು ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, 2011ರಿಂದ 2014ರವರೆಗಿನ ನಾಲ್ಕು ವರ್ಷಗಳಲ್ಲಿ ರಸ್ತೆಗೆ ಬಿದ್ದ ವಸ್ತುಗಳಿಂದ ಆ ದೇಶದಲ್ಲಿ 2 ಲಕ್ಷಕ್ಕೂ ಹೆಚ್ಚು ಅಪಘಾತಗಳಾದವು; 500ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅವುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿಗೆ ಕಾರಣ, ವಾಹನಗಳ ಆರೈಕೆಯ ಕೊರತೆ ಮತ್ತು ಕಟ್ಟದ ಹೊರೆಗಳು. ಕಳಚಿ ಬಿದ್ದವುಗಳಲ್ಲಿ ಹಾಸಿಗೆ, ಕುರ್ಚಿಯಂಥ ಮನೆಬಳಕೆಯ ವಸ್ತುಗಳೂ ಉಂಟು. ಇವನ್ನು ಹೇರಿದವರಲ್ಲಿ ಯಾರೂ ಕೊಲೆಗಡುಕರಲ್ಲ. ಇಷ್ಟು ಹಗುರವಾದುದಕ್ಕೆ ಇಷ್ಟು ಹಗ್ಗ ಸಾಕು ಎಂದುಕೊಂಡವರು, ಅಷ್ಟೇ.

ಸರೋವರದಲ್ಲಿ ಕಳೆದ ಹಗಲಿನ ಸೊಬಗನ್ನು ಬಣ್ಣಿಸಲು ಇಲ್ಲಿ ಎಡೆಯಿಲ್ಲ. ಆದರೆ ಹೊರಡುವಾಗ ನಡೆದ ಇನ್ನೊಂದು ಕೆಲಸವನ್ನು ಹೇಳಲೇಬೇಕು. ದೋಣಿಯನ್ನು ದಡಕ್ಕೆಳೆದ ಕೂಡಲೇ ಮುದುಕರು ಅದರ ಹಿಂಬದಿಯ ಬಿರಡೆಯನ್ನು ಕಿತ್ತು ನೀರನ್ನೆಲ್ಲ ಬಸಿದರು. ಅಂಟಿದ್ದ ಪಾಚಿಯ ಎಳೆಗಳನ್ನು ಒಂದೂ ಬಿಡದೆ ಆರಿಸಿ ತೆಗೆದರು. ಹಾಗೆ ಮಾಡದೆ ದೋಣಿಯನ್ನು ರಸ್ತೆಗೆ ತರುವುದು ಅಲ್ಲಿ ಕಾನೂನಿಗೆ ವಿರುದ್ಧ. ಏಕೆಂದರೆ ಜೀಬ್ರಾ ಚಿಪ್ಪು ಎಂಬ ಬೆರಳುಗುರಿನಷ್ಟು ಗಾತ್ರದ ಪರದೇಶದ ಜೀವಿಯೊಂದು ಹಡಗುಗಳ ನೀರಿನೊಡನೆ ಬಂದು 1988ರಲ್ಲಿ ಅಲ್ಲಿನ ಮಹಾಸರೋವರಗಳ ಸೀಮೆಯಲ್ಲಿ ಕಾಣಿಸಿಕೊಂಡಿತು. ಅದರ ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ದೋಣಿಯ ತಳದಲ್ಲಿ ನಿಂತ ಒಂದು ಬೊಗಸೆ ನೀರಿನಲ್ಲಿ ಅಡಗಿ ಅವು ಬೇರೊಂದು ಸರೋವರವನ್ನು ಸೇರಬಲ್ಲವು. ಸೇರಿದರೆ ಅಲ್ಲಿನ ಮೀನುಗಳ ಆಹಾರವನ್ನು ಕಸಿದು, ನೀರಿನ ಕೊಳವೆಗಳನ್ನು ಮುಚ್ಚಿ ಹಾಕುತ್ತವೆ. ಹಾಗಾದರೆ ದೋಣಿ ಹೊತ್ತವನು ಹಿಂದೆ ಬರುವವರನ್ನಷ್ಟೇ ಅಲ್ಲ, ತಾನೆಂದೂ ಕಾಣದಿರುವ ಇನ್ನೊಂದು ಸರೋವರದ ಮೀನನ್ನೂ ನೆನೆಯಬೇಕು!

ನಮ್ಮಲ್ಲಿ ಕಾರಿನ ಮೇಲೆ ದೋಣಿ ಹೊರುವವರು ವಿರಳ. ಆದರೆ ಹೊರೆ ಹೊರದವರು ಯಾರಿದ್ದಾರೆ? ಲಾರಿಯ ಹಿಂದೆ ಚಾಚಿಕೊಂಡ ಕಬ್ಬಿಣದ ಸರಳುಗಳು ಇರುಳಿನಲ್ಲಿ ಎಷ್ಟು ಮನೆಗಳ ದೀಪವನ್ನು ಆರಿಸಿವೆಯೆಂಬುದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಸುಗ್ಗಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳಿಂದ ರಸ್ತೆಗೆ ಬಿದ್ದ ಜಲ್ಲೆಗಳನ್ನು ಆರಿಸಿಕೊಳ್ಳುವುದು ಮಕ್ಕಳಿಗೆ ಹಬ್ಬ. ಅದೇ ಜಲ್ಲೆಯ ಮೇಲೆ ಚಕ್ರ ಹತ್ತಿಸಿದ ಬೈಸಿಕಲ್ಲಿನವನಿಗೆ ಅದು ಹಬ್ಬವಲ್ಲ. ಮದುವೆಯ ಸಾಮಾನು, ಮನೆ ಬದಲಿಸುವಾಗಿನ ಹಾಸಿಗೆ, ಬಸ್ಸಿನ ಮೇಲಿನ ಖಾಲಿ ಬುಟ್ಟಿಗಳು – ಇವೆಲ್ಲವೂ ಹಗುರ, ಇವೆಲ್ಲಕ್ಕೂ ಗಾಳಿಯೇ ಧಣಿ.

ನಮ್ಮ ಹೊರೆಯನ್ನು ಭದ್ರವಾಗಿ ಕಟ್ಟಿದರೆ ನಮಗೆ ಯಾರೂ ಕೃತಜ್ಞತೆ ಹೇಳುವುದಿಲ್ಲ. ಬೀಳದ ದೋಣಿಯ ಸುದ್ದಿ ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ. ನಮ್ಮ ಹಿಂದೆ ಬಂದವರು ತಾವು ಒಂದು ಅಪಾಯವನ್ನು ದಾಟಿದೆವೆಂದು ತಿಳಿಯದೆಯೇ ಮನೆ ಸೇರುತ್ತಾರೆ, ಉಣ್ಣುತ್ತಾರೆ, ನಿದ್ರಿಸುತ್ತಾರೆ. ಅವರಿಗೆ ನಮ್ಮ ಹೆಸರು ಗೊತ್ತಿಲ್ಲ, ನಮಗೆ ಅವರ ಮುಖ ಗೊತ್ತಿಲ್ಲ. ಆದರೂ ಒಂದು ಗಂಟಿನ ಮೂಲಕ ನಾವು ಅವರಿಗೆ ಉಪಕಾರ ಮಾಡಿರುತ್ತೇವೆ. ನಾಗರಿಕತೆ ಎಂಬ ದೊಡ್ಡ ಮಾತಿಗೆ ನನಗೆ ತಿಳಿದ ಸಣ್ಣ ಅರ್ಥ ಇದೇ.

ನಿಮ್ಮಲ್ಲಿ ಹಲವರು ಬೈಸಿಕಲ್ಲಿನ ಕ್ಯಾರಿಯರಿನ ಮೇಲೆ ಜೋಳದ ಚೀಲವನ್ನೋ ಗೋಧಿಯ ಡಬ್ಬಿಯನ್ನೋ ಇಟ್ಟುಕೊಂಡು ಹಿಟ್ಟಿನ ಗಿರಣಿಗೆ ಹೋಗಿಬರುವವರೇ. ಕಟ್ಟಿ ಹೊರಟು ನೂರು ಗಜ ಹೋದ ಮೇಲೆ ಒಮ್ಮೆ ಇಳಿಯಿರಿ. ಹಗ್ಗವನ್ನು ಕೈಯಿಂದ ಮುಟ್ಟಿ ನೋಡಿರಿ. ಹಿಂದೆ ಯಾರು ಬರುತ್ತಿದ್ದಾರೆಂದು ತಿರುಗಿ ನೋಡಿರಿ. ಆಮೇಲೆ ನಿಶ್ಚಿಂತೆಯಿಂದ ತುಳಿಯಿರಿ.